ಸುರಂಗದ ಬಾಯಲ್ಲಿ ತಲುಪಿದ ಸುದ್ದಿ: ಒಂದು ನಡಿಗೆ ಸ್ಪರ್ಧೆಯ ಪ್ರಕರಣ ಅಧ್ಯಯನ

2000ದ ಸೆಪ್ಟೆಂಬರ್ 28. ಸಿಡ್ನಿ ಒಲಿಂಪಿಕ್ಸ್. ಮಹಿಳೆಯರ 20 ಕಿ.ಮೀ. ನಡಿಗೆ ಸ್ಪರ್ಧೆ ಮುಗಿಯುವ ಹಂತಕ್ಕೆ ಬಂದಿದೆ. ಎಲ್ಲರಿಗಿಂತ ಮುಂದಿರುವವಳು ಆತಿಥೇಯ ದೇಶದವಳು. ಅದೂ ಅದೇ ಊರಿನ ಹುಡುಗಿ, ವಯಸ್ಸು 25. ಕ್ರೀಡಾಂಗಣದೊಳಗೆ ಹೋಗುವ ಸುರಂಗದ ಹತ್ತಿರ ಒಬ್ಬ ಅಧಿಕಾರಿ ಆಕೆಯ ಎದುರಿಗೆ ಬಂದು ಕೆಂಪು ಫಲಕ ಹಿಡಿಯುತ್ತಾರೆ. ಅಂದರೆ ಆಕೆ ಅನರ್ಹ. ಅಲ್ಲಿಗೆ ಮುಗಿಯಿತು. ಒಳಗೆ ಸಾವಿರಾರು ಜನ ಆಕೆಗಾಗಿ ಕಾಯುತ್ತಿದ್ದಾರೆ. ಹೊರಗೆ ಆಕೆ ಅಳುತ್ತಿದ್ದಾಳೆ.

ಈ ದೃಶ್ಯವನ್ನು ಟಿವಿಯಲ್ಲಿ ನೋಡಿದವರು ಬಹಳ ಜನ. "ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ" ಅಂತ ನಾವೂ ಅಂದುಬಿಡುತ್ತೇವೆ. ಆದರೆ ಪ್ರಕರಣವನ್ನು ಬಿಡಿಸಿ ನೋಡಿದರೆ ಈ ಗಾದೆ ಇಲ್ಲಿ ಪೂರ್ತಿ ಹೊಂದುವುದಿಲ್ಲ ಅನ್ನಿಸುತ್ತದೆ. ತುತ್ತು ಆಗಲೇ ಕೈಯಿಂದ ಜಾರಿತ್ತು. ಆಕೆಗೆ ಗೊತ್ತಾಗಿದ್ದು ತಡವಾಗಿ, ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಅನರ್ಹರಾದವರ ಹೆಸರು ಬರೆಯುವುದಿಲ್ಲ. ದಾಖಲೆ ಪುಸ್ತಕ ತೆರೆದರೆ ಸಿಗುತ್ತದೆ ನಿಜ. ಆದರೆ ಹೆಸರು ಬಂದ ಕೂಡಲೇ ಮಾತು "ಪಾಪ" ಎನ್ನುವ ಕಡೆಗೆ ಹೊರಳುತ್ತದೆ. ನಮಗೆ ಬೇಕಾಗಿರುವುದು ಆ ಕೊನೆಯ ಕೆಲವು ನಿಮಿಷಗಳಲ್ಲಿ ಯಾರು ಏನು ನಿರ್ಧಾರ ಮಾಡಿದರು ಎನ್ನುವುದು. ಗೆದ್ದವರ ಹೆಸರು ಮುಚ್ಚಿಡಲು ಕಾರಣವಿಲ್ಲ, ಅದನ್ನು ಬರೆಯುತ್ತೇನೆ.

ಹಿನ್ನೆಲೆ

ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ ನಡಿಗೆ ಸ್ಪರ್ಧೆ ಶುರುವಾದರೆ ಸುತ್ತ ನಿಂತವರು ನಗುತ್ತಾರೆ. ಸೊಂಟ ಆಡಿಸಿಕೊಂಡು ಹೋಗುವುದನ್ನು ಕಂಡು ಮಕ್ಕಳು ಹಿಂದಿನಿಂದ ಅಣಕಿಸುತ್ತಾರೆ. ನಗುವವರು ಒಂದು ಲೆಕ್ಕ ಹಾಕಿ ನೋಡಬೇಕು. ಸಿಡ್ನಿಯಲ್ಲಿ ಚಿನ್ನ ಬಂದಿದ್ದು 1 ಗಂಟೆ 29 ನಿಮಿಷ 5 ಸೆಕೆಂಡಿಗೆ. ಅಂದರೆ ಒಂದು ಕಿಲೋಮೀಟರಿಗೆ ಸುಮಾರು 4 ನಿಮಿಷ 27 ಸೆಕೆಂಡ್. ಗಂಟೆಗೆ ಹದಿಮೂರೂವರೆ ಕಿಲೋಮೀಟರ್ ವೇಗ. ಲಾಲ್‌ಬಾಗ್‌ನಲ್ಲಿ ಬೆಳಿಗ್ಗೆ ಓಡುವವರಲ್ಲಿ ಹೆಚ್ಚಿನವರಿಗೆ ಇವರ ನಡಿಗೆಯ ಜೊತೆ ಓಡಿಕೊಂಡು ಹೋಗುವುದೂ ಕಷ್ಟ.

ಒಲಿಂಪಿಕ್ಸ್‌ನಲ್ಲಿ ಮಹಿಳೆಯರಿಗೆ ನಡಿಗೆ ಸ್ಪರ್ಧೆ ಬಂದಿದ್ದೇ 1992ರಲ್ಲಿ, ಬಾರ್ಸಿಲೋನಾದಲ್ಲಿ. ಆಗ ದೂರ 10 ಕಿ.ಮೀ. 1996ರ ಅಟ್ಲಾಂಟಾದಲ್ಲೂ ಅಷ್ಟೇ. 1999ರ ಸೆವಿಲ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದು 20 ಕಿ.ಮೀ. ಆಯಿತು, ಮರುವರ್ಷ ಸಿಡ್ನಿಯಲ್ಲೂ. ಹಾಗಾಗಿ ಸಿಡ್ನಿಗೆ ಬಂದವರಲ್ಲಿ ಯಾರಿಗೂ ಒಲಿಂಪಿಕ್ಸ್‌ನಲ್ಲಿ ಇಷ್ಟು ದೂರ ನಡೆದು ಗೊತ್ತಿರಲಿಲ್ಲ. ಹತ್ತು ಕಿಲೋಮೀಟರಿಗೆ ಕಾಲು ಹೇಳಿದಂತೆ ಕೇಳುತ್ತದೆ. ಹದಿನೆಂಟನೇ ಕಿಲೋಮೀಟರಿನಲ್ಲಿ ಅದು ಯಾರ ಮಾತೂ ಕೇಳುವುದಿಲ್ಲ.

ಆತಿಥೇಯ ದೇಶದ ನಮ್ಮ ನಡಿಗೆಗಾರ್ತಿ ಹೊಸಬಳೇನಲ್ಲ. 1998ರ ಕ್ವಾಲಾಲಂಪುರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಕಿ.ಮೀ. ಚಿನ್ನ ಗೆದ್ದಿದ್ದಳು. ಆದರೆ ಸಿಡ್ನಿಯಲ್ಲಿ ಆಕೆಗಿಂತ ದೊಡ್ಡ ಹೆಸರುಗಳಿದ್ದವು. ಚೀನಾದಿಂದ ಹಿಂದಿನ ವರ್ಷದ ವಿಶ್ವ ಚಾಂಪಿಯನ್ ಬಂದಿದ್ದಳು. ಇಟಲಿಯಿಂದ ಅಟ್ಲಾಂಟಾದ ಬೆಳ್ಳಿ ಪದಕದವಳು.

ಇನ್ನು ನಿಯಮ. ಎರಡೇ ಸಾಲು. ಒಂದು, ಎರಡೂ ಕಾಲು ಒಟ್ಟಿಗೆ ನೆಲ ಬಿಟ್ಟಂತೆ ಬರಿಗಣ್ಣಿಗೆ ಕಾಣಬಾರದು. ಎರಡು, ಮುಂದಿಟ್ಟ ಕಾಲು ನೆಲ ಮುಟ್ಟಿದ ಕ್ಷಣದಿಂದ ಮೈ ಅದರ ಮೇಲೆ ನೇರವಾಗಿ ಬರುವವರೆಗೂ ಮಂಡಿ ಬಗ್ಗಬಾರದು. "ಬರಿಗಣ್ಣಿಗೆ" ಎನ್ನುವ ಮಾತೇ ಇಲ್ಲಿ ಎಲ್ಲಾ. ಕ್ಯಾಮೆರಾ ಹಿಡಿದು ನಿಧಾನಗತಿಯಲ್ಲಿ ನೋಡಿದರೆ ವಿಶ್ವಮಟ್ಟದ ನಡಿಗೆಯವರು ಬಹುತೇಕ ಎಲ್ಲರೂ ಗಾಳಿಯಲ್ಲಿರುತ್ತಾರೆ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು. ಸುಮಾರು 40 ಮಿಲಿಸೆಕೆಂಡ್ ದಾಟದಿದ್ದರೆ ಮನುಷ್ಯನ ಕಣ್ಣಿಗೆ ಅದು ಸಿಗುವುದಿಲ್ಲ. ತೀರ್ಪುಗಾರರು ವಿಡಿಯೋ ನೋಡುವಂತಿಲ್ಲ. ದಾರಿಯುದ್ದಕ್ಕೂ ಅಲ್ಲಲ್ಲಿ ನಿಂತಿರುತ್ತಾರೆ, ಕಂಡದ್ದನ್ನು ಬರೆಯುತ್ತಾರೆ.

ಅನುಮಾನ ಬಂದರೆ ಹಳದಿ ಫಲಕ ತೋರಿಸುತ್ತಾರೆ. ಅದು ಎಚ್ಚರಿಕೆ. ತಪ್ಪು ಖಚಿತವಾದರೆ ರೆಡ್ ಕಾರ್ಡ್ ಬರೆಯುತ್ತಾರೆ. ಆಗ ಮೂರು ಬೇರೆ ಬೇರೆ ತೀರ್ಪುಗಾರರಿಂದ ಮೂರು ರೆಡ್ ಕಾರ್ಡ್ ಬಂದರೆ ಮುಖ್ಯ ತೀರ್ಪುಗಾರರು ಕೆಂಪು ಫಲಕ ತೋರಿಸಿ ಹೊರಗೆ ಕಳಿಸುತ್ತಿದ್ದರು. ಹೆಸರುಗಳಲ್ಲಿ ಆಗಿನದಕ್ಕೂ ಈಗಿನದಕ್ಕೂ ಸ್ವಲ್ಪ ವ್ಯತ್ಯಾಸವಿದೆ. ಸುಲಭಕ್ಕೆ ಈಗಿನ ಹೆಸರುಗಳನ್ನೇ ಬಳಸುತ್ತಿದ್ದೇನೆ.

ಸಮಸ್ಯೆ ಇದ್ದದ್ದು ಎಲ್ಲಿ

ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಅಷ್ಟು ದೂರ ಬಂದ ಮೇಲೆ ಸುರಂಗದ ಬಾಯಲ್ಲಿ ಯಾಕೆ ಹಿಡಿದರು? ಕೊನೇ ಹೆಜ್ಜೆಗಳಲ್ಲಿ ಅಂಥ ತಪ್ಪು ಏನಾಯಿತು?

ಪ್ರಶ್ನೆಯೇ ಸ್ವಲ್ಪ ದಾರಿ ತಪ್ಪಿದೆ. ತೀರ್ಪುಗಾರರು ರೆಡ್ ಕಾರ್ಡ್ ಬರೆದಾಗ ಅದನ್ನು ನಡೆಯುವವರಿಗೆ ತೋರಿಸುವುದಿಲ್ಲ. ತೋರಿಸುವುದು ಹಳದಿಯನ್ನು ಮಾತ್ರ. ಬರೆದ ಕಾರ್ಡು ಮೊದಲು ದಾಖಲೆ ಬರೆಯುವವರ ಮೇಜಿಗೆ ಹೋಗಬೇಕು. ಅಲ್ಲಿ ಎಣಿಕೆಯಾಗಬೇಕು. ದಾರಿಬದಿಯ ಬೋರ್ಡಿನಲ್ಲಿ ಆಕೆಯ ನಂಬರಿನ ಎದುರು ಗುರುತು ಬೀಳಬೇಕು. ಮೂರಾಗಿದ್ದರೆ ಮುಖ್ಯ ತೀರ್ಪುಗಾರರಿಗೆ ಸುದ್ದಿ ಮುಟ್ಟಬೇಕು. ಅವರು ಆಕೆ ಎಲ್ಲಿದ್ದಾಳೆ ಅಂತ ಹುಡುಕಿ ಎದುರಿಗೆ ಹೋಗಿ ನಿಲ್ಲಬೇಕು. ಇಷ್ಟು ಹೊತ್ತೂ ಆಕೆ ನಡೆಯುತ್ತಲೇ ಇರುತ್ತಾಳೆ. ಎರಡು ನಿಮಿಷ ತಡವಾದರೂ 450 ಮೀಟರ್ ಮುಂದೆ ಹೋಗಿರುತ್ತಾಳೆ.

ಹಿಂದೆ ಟೆಲಿಗ್ರಾಂ ಬರುತ್ತಿತ್ತಲ್ಲ, ಹಾಗೆ. ಬಾಗಿಲು ತಟ್ಟಿದ್ದು ಇವತ್ತು. ಆಗಬಾರದ್ದು ಆಗಿದ್ದು ನಿನ್ನೆ.

ಹಾಗಾಗಿ ಫಲಕ ತೋರಿಸಿದ ಜಾಗವೇ ತಪ್ಪು ನಡೆದ ಜಾಗ ಆಗಬೇಕಿಲ್ಲ. ಸುರಂಗದ ಬಾಯಿ ಅಂದರೆ ಸುದ್ದಿ ಆಕೆಯನ್ನು ಹಿಡಿದ ಜಾಗ. ಈ ಒಂದು ವಿಷಯ ತಲೆಗೆ ಹೋದರೆ ಇಡೀ ಪ್ರಕರಣ ಬೇರೆ ಥರ ಕಾಣುತ್ತದೆ. ಆಕೆಯ ಎದುರಿಗಿದ್ದ ಕಷ್ಟ ಬರೀ ಕಾಲಿನದಲ್ಲ. ತನ್ನ ಸ್ಥಿತಿ ಏನು ಅಂತ ಪೂರ್ತಿ ಗೊತ್ತಿಲ್ಲದೆ ತೀರ್ಮಾನ ಮಾಡಬೇಕಾದ ಕಷ್ಟ. ಬೋರ್ಡು ನೋಡಿದಾಗ ಕಂಡದ್ದು ಆ ಕ್ಷಣದ ಲೆಕ್ಕ. ಬೋರ್ಡು ದಾಟಿದ ಮೇಲೆ ಬಿದ್ದದ್ದು ಮುಂದಿನ ಸುತ್ತಿನವರೆಗೂ ಕಾಣುವುದಿಲ್ಲ. ಕೊನೆಯ ಸುತ್ತಿಗೆ ಮುಂದಿನ ಸುತ್ತು ಎಲ್ಲಿಂದ ಬರಬೇಕು?

ಇದು ಹೊಸ ಸಂಗತಿಯೇನೂ ಆಗಿರಲಿಲ್ಲ. ಆರೇ ದಿನ ಮೊದಲು, ಸೆಪ್ಟೆಂಬರ್ 22ರಂದು, ಅದೇ ಸಿಡ್ನಿಯಲ್ಲಿ ಪುರುಷರ 20 ಕಿ.ಮೀ. ನಡಿಗೆ ಇತ್ತು. ಮೆಕ್ಸಿಕೋದವನೊಬ್ಬ ಮೊದಲಿಗನಾಗಿ ಗೆರೆ ದಾಟಿದ. ಸಂಭ್ರಮಿಸಿದ. ದೇಶದ ಅಧ್ಯಕ್ಷರು ಫೋನ್ ಮಾಡಿ ಅಭಿನಂದಿಸಿದರು. ಅದಾದ ಮೇಲೆ ಬಂತು ಸುದ್ದಿ: ಮೂರನೇ ಕಾರ್ಡು ಬಿದ್ದಿದೆ, ನೀನು ಅನರ್ಹ. ಚಿನ್ನ ಪೋಲೆಂಡಿನ ರಾಬರ್ಟ್ ಕೊರ್ಜೆನಿಯೋವ್‌ಸ್ಕಿ ಅವರಿಗೆ ಹೋಯಿತು. ವಿಚಿತ್ರ ನೋಡಿ, ಇದೇ ಕೊರ್ಜೆನಿಯೋವ್‌ಸ್ಕಿ 1992ರಲ್ಲಿ ಬಾರ್ಸಿಲೋನಾದ 50 ಕಿ.ಮೀ. ನಡಿಗೆಯಲ್ಲಿ ಎರಡನೇ ಸ್ಥಾನದಲ್ಲಿದ್ದಾಗ ಕ್ರೀಡಾಂಗಣದ ಬಾಗಿಲಲ್ಲೇ ಅನರ್ಹರಾಗಿದ್ದರು. ನಿಯಮ ಒಬ್ಬರಿಂದ ಕಿತ್ತುಕೊಂಡು ಇನ್ನೊಬ್ಬರಿಗೆ ಕೊಡುತ್ತದೆ.

ಆ ದಿನ ಏನಾಯಿತು

ಮೊದಲು ಚೀನಾದ ವಿಶ್ವ ಚಾಂಪಿಯನ್ ಮುಂದಿದ್ದಳು. ಕೆಂಪು ಫಲಕ ಬಂತು, ಹೊರಗೆ ಹೋದಳು. ಇಟಲಿಯವಳು ಮುಂದಾದಳು. ಆಕೆಗೂ ಕೆಂಪು. ಆಗ ಮುಂಚೂಣಿ ಆತಿಥೇಯ ದೇಶದವಳ ಪಾಲಿಗೆ ಬಂತು.

ಈ ಕ್ಷಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪ್ರಕರಣದ ಮೊದಲ ತಿರುವು ಇದೇ. ಮುಂದಿದ್ದ ಇಬ್ಬರು ಒಬ್ಬರ ಹಿಂದೆ ಒಬ್ಬರು ಹೊರಗೆ ಹೋದರೆ ಅದನ್ನು ಎರಡು ರೀತಿ ಓದಬಹುದು. "ದಾರಿ ಖಾಲಿಯಾಯಿತು, ಚಿನ್ನ ನನ್ನದೇ" ಅಂತ ಒಂದು. "ಇವತ್ತು ತೀರ್ಪುಗಾರರು ಬಿಗಿಯಾಗಿದ್ದಾರೆ, ಈಗ ಅವರ ಕಣ್ಣು ನನ್ನ ಮೇಲೆ" ಅಂತ ಇನ್ನೊಂದು. ಗುಂಪಿನ ನಡುವೆ ನಡೆಯುವಾಗ ಒಬ್ಬರ ಕಾಲು ಇನ್ನೊಬ್ಬರ ಕಾಲಿನ ಹಿಂದೆ ಸ್ವಲ್ಪವಾದರೂ ಮರೆಯಾಗುತ್ತದೆ. ಒಂಟಿಯಾಗಿ ಮುಂದೆ ಹೋಗುವವಳಿಗೆ ಆ ಮರೆ ಇಲ್ಲ. ತೀರ್ಪುಗಾರರಿಗೆ ನೋಡಲು ಒಂದೇ ಜೊತೆ ಕಾಲು.

ಜೊತೆಗೆ ಜನ. ತವರಿನ ಜನ ದಾರಿಯುದ್ದಕ್ಕೂ ಕೂಗುತ್ತಿದ್ದರು. ಓಟಗಾರರಿಗೆ ಇದು ವರ. ನಡಿಗೆಯವರಿಗೆ ಯಾವಾಗಲೂ ಹಾಗಲ್ಲ. ಕೂಗು ಕೇಳಿದಾಗ ಭುಜ ಮೇಲೇರುತ್ತದೆ, ಕೈ ಜೋರಾಗಿ ಬೀಸುತ್ತದೆ, ಹೆಜ್ಜೆ ಉದ್ದವಾಗುತ್ತದೆ. ಭುಜ ಮೇಲೆ ಹೋದರೆ ಮೈ ಮೇಲೆ ಹೋಗುತ್ತದೆ. ಮೈ ಮೇಲೆ ಹೋದರೆ ಕಾಲು ನೆಲ ಬಿಡುತ್ತದೆ. ನಡಿಗೆ ಕಲಿಸುವವರು "ಭುಜ ಇಳಿಸು, ಭುಜ ಇಳಿಸು" ಅಂತ ಬಡಿದುಕೊಳ್ಳುವುದು ಸುಮ್ನೆ ಅಲ್ಲ.

ಎರಡನೇ ತಿರುವು ಕೊನೆಯ ಭಾಗದ್ದು. ಕಾರ್ಡು ಮೈಮೇಲಿದ್ದಾಗ ದಾರಿ ಎರಡೇ. ವೇಗ ಹಾಗೇ ಇಟ್ಟುಕೊಂಡು ಹೋಗುವುದು ಅಥವಾ ಸ್ವಲ್ಪ ತಗ್ಗಿಸಿ ಹೆಜ್ಜೆಯನ್ನು ಕಾಪಾಡಿಕೊಳ್ಳುವುದು. ಆಕೆ ಮುಂದಿನ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಮುಂಚೂಣಿಯಲ್ಲೇ ಸುರಂಗದ ಕಡೆಗೆ ಬಂದಳು. ಆಮೇಲಿನದ್ದು ಮೊದಲೇ ಹೇಳಿದೆ.

ಚೀನಾದ ವಾಂಗ್ ಲಿಪಿಂಗ್ ಒಳಗೆ ಬಂದು ಚಿನ್ನ ಗೆದ್ದರು. ನಾರ್ವೆಯ ಕ್ಯೆರ್ಸ್ಟಿ ಪ್ಲಾಟ್ಸರ್ 28 ಸೆಕೆಂಡ್ ತಡವಾಗಿ ಎರಡನೆಯವರಾದರು. ಸ್ಪೇನಿನ ಮರಿಯಾ ವಾಸ್ಕೊ 1 ಗಂಟೆ 30 ನಿಮಿಷ 23 ಸೆಕೆಂಡಿಗೆ ಮೂರನೆಯವರು. ಒಲಿಂಪಿಕ್ಸ್ ಅಥ್ಲೆಟಿಕ್ಸ್‌ನಲ್ಲಿ ಸ್ಪೇನಿನ ಮಹಿಳೆಯೊಬ್ಬರಿಗೆ ಬಂದ ಮೊದಲ ಪದಕ ಅದು. ಒಬ್ಬಳ ಅಳುವಿನ ಚಿತ್ರದ ಹಿಂದೆ ಈ ಮೂವರು ಮರೆಯಾದರು ಅನ್ನುವುದೂ ಒಂದು ಅನ್ಯಾಯವೇ. ಅವರು ಅಷ್ಟೇ ದೂರವನ್ನು ಅದೇ ತೀರ್ಪುಗಾರರ ಎದುರಿಗೆ ನಡೆದು ಬಂದಿದ್ದರು.

ಆ ನಿರ್ಧಾರವನ್ನು ತೂಗಿ ನೋಡಿದರೆ

ಈಗ ಫಲಿತಾಂಶ ಕೈಯಲ್ಲಿಟ್ಟುಕೊಂಡು ಲೆಕ್ಕ ಹಾಕುವುದು ಸುಲಭ. ಆದರೂ ಹಾಕಬೇಕು, ಕಲಿಯುವುದಕ್ಕಾಗಿ.

ಚಿನ್ನಕ್ಕೂ ಕಂಚಿಗೂ ನಡುವೆ 78 ಸೆಕೆಂಡ್ ಇತ್ತು. ಸುರಂಗದ ಹತ್ತಿರ ಆಕೆ ವಾಂಗ್ ಅವರಿಗಿಂತ ಮುಂದಿದ್ದಳು. ಅಂದರೆ ಕೊನೆಯ ಎರಡು ಕಿಲೋಮೀಟರಿನಲ್ಲಿ ಒಂದು ನಿಮಿಷಕ್ಕಿಂತ ಜಾಸ್ತಿ ಕಳೆದುಕೊಂಡಿದ್ದರೂ ಪದಕ ಉಳಿಯುತ್ತಿತ್ತು. ಕಿಲೋಮೀಟರಿಗೆ ಅರ್ಧ ನಿಮಿಷ ನಿಧಾನ ಅಂದರೆ ನಡಿಗೆಯಲ್ಲಿ ಬೇರೆಯೇ ಲೋಕ. ಆ ವೇಗದಲ್ಲಿ ಕಾಲು ನೆಲಕ್ಕೆ ಅಂಟಿಕೊಂಡೇ ಇರುತ್ತದೆ.

ಆದರೆ ಆಕೆಗೆ ಈ 78 ಸೆಕೆಂಡ್ ಕಾಣುವಂತಿರಲಿಲ್ಲ. ಹಿಂದಿನವರು ಎಷ್ಟು ದೂರದಲ್ಲಿದ್ದಾರೆ ಅಂತ ತಿರುಗಿ ನೋಡುತ್ತ ನಡೆಯಲು ಆಗುವುದಿಲ್ಲ. ಇನ್ನೊಂದು, ತವರಿನ ಒಲಿಂಪಿಕ್ಸ್‌ನಲ್ಲಿ, ಹುಟ್ಟಿದ ಊರಿನಲ್ಲಿ ಚಿನ್ನ ಎದುರಿಗಿರುವಾಗ ಕಂಚು ಸಾಕು ಅಂತ ಯಾರು ನಿಧಾನಿಸುತ್ತಾರೆ? ನನ್ನನ್ನು ಕೇಳಿದರೆ ಆಕೆಯ ನಿರ್ಧಾರವನ್ನು ತಪ್ಪು ಅನ್ನಲಾರೆ. ಜೂಜು ಅನ್ನಬಹುದು. ಎಷ್ಟು ಪಣ ಇಟ್ಟಿದ್ದೇನೆ ಅಂತ ಆಡುವವಳಿಗೇ ಗೊತ್ತಿಲ್ಲದ ಜೂಜು.

ತೀರ್ಪುಗಾರರ ಕಡೆಯಿಂದಲೂ ನೋಡಬೇಕಲ್ವಾ? ಆಗ ಅನರ್ಹತೆಗೆ ಮೂರು ಬೇರೆ ತೀರ್ಪುಗಾರರ ಕಾರ್ಡು ಬೇಕಿತ್ತು. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ, ಕೇಳುವಂತೆಯೂ ಇಲ್ಲ. ಹಾಗಾಗಿ ಮೂರನೇ ಕಾರ್ಡು ಬರೆದ ಕೈಗೆ ತಾನು ಬರೆಯುತ್ತಿರುವುದು ಮೂರನೆಯದು ಎಂಬ ಅರಿವೇ ಇರುವುದಿಲ್ಲ. "ಇನ್ನೇನು ಮುಗೀತು, ಬಿಟ್ಟುಬಿಡಬಹುದಿತ್ತು" ಅನ್ನುವವರು ಇದನ್ನು ಮರೆಯುತ್ತಾರೆ. ತವರಿನವಳು ಅಂತ ಬಿಟ್ಟರೆ ಆಗಲೇ ಹೊರಗೆ ಹೋದ ಇಬ್ಬರಿಗೆ ಏನು ಉತ್ತರ ಹೇಳುವುದು?

ಆಮೇಲೆ ಏನು ಬದಲಾಯಿತು

ಅಂದಿಗೂ ಇಂದಿಗೂ ಎರಡು ದೊಡ್ಡ ವ್ಯತ್ಯಾಸಗಳಿವೆ. ದೊಡ್ಡ ಚಾಂಪಿಯನ್‌ಷಿಪ್‌ಗಳಲ್ಲಿ ತೀರ್ಪುಗಾರರು ಈಗ ಕೈಯಲ್ಲಿ ಹಿಡಿಯುವ ಯಂತ್ರದಲ್ಲಿ ಕಾರ್ಡು ದಾಖಲಿಸುತ್ತಾರೆ. ಅದು ನೇರವಾಗಿ ಬೋರ್ಡಿಗೆ ಹೋಗುತ್ತದೆ. ಟೆಲಿಗ್ರಾಂ ಹೋಗಿ ಮೊಬೈಲ್ ಬಂದಂತೆ. ಇನ್ನೊಂದು ಪೆನಾಲ್ಟಿ ವಲಯ. ಮೂರು ಕಾರ್ಡು ಬಿದ್ದರೆ ಈಗ ಸೀದಾ ಮನೆಗೆ ಕಳಿಸುವುದಿಲ್ಲ. 20 ಕಿ.ಮೀ. ಸ್ಪರ್ಧೆಯಲ್ಲಿ ಎರಡು ನಿಮಿಷ ಒಂದು ಕಡೆ ನಿಲ್ಲಿಸುತ್ತಾರೆ. ನಾಲ್ಕನೇ ಕಾರ್ಡು ಬಿದ್ದರೆ ಮಾತ್ರ ಹೊರಗೆ. ಮೂರನೆಯದು ತೀರಾ ಕೊನೆಯಲ್ಲಿ ಬಂದು ನಿಲ್ಲಿಸಲು ಆಗದಿದ್ದರೆ ಎರಡು ನಿಮಿಷವನ್ನು ಕೊನೆಯ ಸಮಯಕ್ಕೆ ಕೂಡಿಸುತ್ತಾರೆ.

ಈ ನಿಯಮ ಸಿಡ್ನಿಯಲ್ಲಿ ಇದ್ದಿದ್ದರೆ? ಕುತೂಹಲಕ್ಕೆ ಲೆಕ್ಕ ಹಾಕಿದೆ. ಎರಡು ನಿಮಿಷ ಕೂಡಿಸಿದ ಮೇಲೂ ಕಂಚು ಉಳಿಯಬೇಕಾದರೆ ಆಕೆ 1 ಗಂಟೆ 28 ನಿಮಿಷ 23 ಸೆಕೆಂಡಿನೊಳಗೆ ಗೆರೆ ದಾಟಬೇಕಿತ್ತು. ಅಂದರೆ ವಾಂಗ್ ಅವರಿಗಿಂತ 42 ಸೆಕೆಂಡಾದರೂ ಮುಂದಿರಬೇಕಿತ್ತು. ಹಾಗಾಗಿ ಹೊಸ ನಿಯಮದಲ್ಲಿ ಪದಕ ಗ್ಯಾರಂಟಿ ಅಂತೇನಿಲ್ಲ. ಆದರೆ ಸುರಂಗ ದಾಟುತ್ತಿದ್ದಳು. ಫಲಿತಾಂಶದ ಪಟ್ಟಿಯಲ್ಲಿ ಹೆಸರಿನ ಎದುರು ಒಂದು ಸಮಯ ಇರುತ್ತಿತ್ತು. ಬರೀ "ಅನರ್ಹ" ಎನ್ನುವ ಪದ ಅಲ್ಲ.

ಟೋಕಿಯೋ ಒಲಿಂಪಿಕ್ಸ್‌ನ ನಡಿಗೆ ಸ್ಪರ್ಧೆಗಳು 2021ರ ಆಗಸ್ಟ್‌ನಲ್ಲಿ ಸಪ್ಪೊರೊದಲ್ಲಿ ನಡೆದವು. ಅಲ್ಲಿ ಇದರ ಬಿಸಿ ತಟ್ಟಿದ್ದು ವಿಶ್ವದಾಖಲೆ ಹೊಂದಿದ್ದ ಚೀನಾದ ಯಾಂಗ್ ಜಿಯಾಯು ಅವರಿಗೆ. ಪದಕದ ಪೈಪೋಟಿಯಲ್ಲಿದ್ದವರು ಪೆನಾಲ್ಟಿ ವಲಯದಲ್ಲಿ ನಿಂತು 12ನೇ ಸ್ಥಾನಕ್ಕೆ ಇಳಿದರು. ಅದೇ ಸ್ಪರ್ಧೆಯಲ್ಲಿ ನಮ್ಮ ಪ್ರಿಯಾಂಕಾ ಗೋಸ್ವಾಮಿ 17ನೆಯವರಾಗಿ ಮುಗಿಸಿದರು. ಯಾಂಗ್ ಮೂರು ವರ್ಷದ ನಂತರ ಪ್ಯಾರಿಸ್‌ನಲ್ಲಿ 1 ಗಂಟೆ 25 ನಿಮಿಷ 54 ಸೆಕೆಂಡಿಗೆ ಚಿನ್ನ ಗೆದ್ದರು.

ನಮ್ಮ ಮೈದಾನಗಳಿಗೆ

ಪಿ.ಟಿ. ಮೇಷ್ಟ್ರುಗಳು, ತರಬೇತುದಾರರು ಈ ಪ್ರಕರಣದಿಂದ ತೆಗೆದುಕೊಳ್ಳಬಹುದಾದ್ದು ಇದೆ. ಅಭ್ಯಾಸದಲ್ಲಿ ನಾವು ಹೆಜ್ಜೆ ತಿದ್ದುತ್ತೇವೆ, ಗಡಿಯಾರ ಹಿಡಿಯುತ್ತೇವೆ. ಆದರೆ ಸುದ್ದಿ ತಡವಾಗಿ ಬರುವ ಸ್ಥಿತಿಯನ್ನು ಯಾರೂ ಅಭ್ಯಾಸ ಮಾಡಿಸುವುದಿಲ್ಲ. ಒಂದು ಬೋರ್ಡು ಮೈದಾನದ ಆಚೆ ಬದಿಯಲ್ಲಿ ಇಡಿ. ಹಿರಿಯ ಹುಡುಗರು ಮೂವರನ್ನು ತೀರ್ಪುಗಾರರಾಗಿ ನಿಲ್ಲಿಸಿ. ಕಾರ್ಡು ಬರೆಯಲಿ, ಆದರೆ ಬೋರ್ಡಿಗೆ ಒಂದು ಸುತ್ತು ತಡವಾಗಿ ಹಾಕಲಿ. ಎರಡು ಗುರುತು ಕಂಡ ಮೇಲೆ ಹುಡುಗಿ ಏನು ಮಾಡುತ್ತಾಳೆ ಅಂತ ನೋಡಿ. ಕೆಲವರು ಹೆದರಿ ಪೂರ್ತಿ ನಿಧಾನವಾಗುತ್ತಾರೆ. ಕೆಲವರು ಕಂಡೇ ಇಲ್ಲ ಅನ್ನುವಂತೆ ಹೋಗುತ್ತಾರೆ. ಎರಡೂ ಉಪಯೋಗವಿಲ್ಲ. ಎರಡು ಕಾರ್ಡು ಬಿದ್ದಾಗಿನ ವೇಗ ಎಷ್ಟು ಅಂತ ಸ್ಪರ್ಧೆಗೆ ಮೊದಲೇ, ತಲೆ ತಣ್ಣಗಿರುವಾಗ, ಕೂತು ಮಾತಾಡಿ ಇಟ್ಟುಕೊಂಡಿರಬೇಕು. ಹದಿನೆಂಟನೇ ಕಿಲೋಮೀಟರಿನಲ್ಲಿ ಯೋಚನೆ ಮಾಡಲು ರಕ್ತವೆಲ್ಲ ಕಾಲಿಗೆ ಹೋಗಿರುತ್ತದೆ.

ಇನ್ನೊಂದು ಚಿಕ್ಕ ವಿಷಯ. ದಾರಿಬದಿಯಲ್ಲಿ ನಿಂತವರು "ಜೋರು, ಜೋರು" ಅಂತ ಕೂಗುವ ಬದಲು ಹಿಂದಿನವರು ಎಷ್ಟು ಸೆಕೆಂಡ್ ದೂರ ಇದ್ದಾರೆ, ಬೋರ್ಡಿನಲ್ಲಿ ಏನಿದೆ ಅಂತ ಕೂಗಿದರೆ ನಡೆಯುವವಳಿಗೆ ಅನುಕೂಲ.

ಆಕೆಯ ಕಥೆ ಎಲ್ಲಿಗೆ ಬಂತು

ಸಿಡ್ನಿಯ ಫಲಿತಾಂಶ ಬದಲಾಗಲಿಲ್ಲ. ಆಕೆ ನಡಿಗೆ ಬಿಡಲಿಲ್ಲ. 2002ರಲ್ಲಿ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕೂಟದ 20 ಕಿ.ಮೀ. ಚಿನ್ನ ಗೆದ್ದಳು. 2004ರಲ್ಲಿ ಅಥೆನ್ಸ್ ಒಲಿಂಪಿಕ್ಸ್‌ಗೆ ಹೋದಾಗ ವಯಸ್ಸು 29. ಅಲ್ಲೂ ಕೊನೆಯ ಭಾಗ ಕ್ರೀಡಾಂಗಣದೊಳಗೇ ಇತ್ತು. ಅಲ್ಲೂ ಹೊರಗಿನ ರಸ್ತೆಯಿಂದ ಒಳಗೆ ಬರಬೇಕಿತ್ತು. ಗ್ರೀಸಿನವರು ಮೊದಲು ಬಂದರು, ಅವರಿಗೂ ಅದು ತವರು. ರಷ್ಯಾದವರು ಎರಡನೆಯವರು. ಚಿನ್ನಕ್ಕಿಂತ 13 ಸೆಕೆಂಡ್ ಹಿಂದೆ, 1 ಗಂಟೆ 29 ನಿಮಿಷ 25 ಸೆಕೆಂಡಿಗೆ, ಮೂರನೆಯವಳಾಗಿ ಆಕೆ ಗೆರೆ ದಾಟಿದಳು. ಈ ಸಲ ಯಾರೂ ಅಡ್ಡ ಬರಲಿಲ್ಲ.